ಕಡಲ ತಳದ ಕೆಸರು ಅಣುಕಸನ ಹಿಡಿದಿಡತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಲ ಅಣು ತ್ಯಾಜ್ಯದ ಬಗ್ಗೆ ಬರೆಯುವಾಗ "ಒಂದು ಕಾಲದಲ್ಲಿ ಇದನ್ನ ಸಮುದ್ರದ ತಳದ ಮಣ್ಣಲ್ಲಿ ಹೂಳೋ ಪ್ಲಾನೂ ಇತ್ತು" ಅಂತ ಒಂದೇ ಲೈನ್ ಹಾಕಿ ಮುಂದಕ್ಕೆ ಹೋಗಿದ್ವಿ. ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಒಂದು ಲೈನ್ ಮೇಲೇ ಇವೆ, ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ಸಮುದ್ರದ ತಳದಲ್ಲಿ ಹೂತಿಡೋದಾ? ಕೆಸರು ಅಂದ್ರೆ ಮೆತ್ತಗಿರೋ ವಸ್ತು, ಅದು ವಿಕಿರಣಶೀಲ ಕಸನ ಹೆಂಗೆ ತಡೆಯತ್ತೆ? ಇದನ್ನ ನಿಜವಾಗ್ಲೂ ಯಾರಾದ್ರೂ ಸೀರಿಯಸ್ಸಾಗಿ ಯೋಚ್ನೆ ಮಾಡಿದ್ರಾ?

ಮಾಡಿದ್ರು, ಅದೂ ಹತ್ತು ಹನ್ನೆರಡು ವರ್ಷ ಕೂತು ಮಾಡಿದ್ರು. ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ಚಾರ್ಲ್ಸ್ ಹಾಲಿಸ್ಟರ್ ಅನ್ನೋ ಭೂವಿಜ್ಞಾನಿ 1973ರಲ್ಲಿ ಈ ಐಡಿಯಾ ಮುಂದಿಟ್ರು, ಆಮೇಲೆ ಸ್ಯಾಂಡಿಯಾ ಅನ್ನೋ ಸರ್ಕಾರಿ ಲ್ಯಾಬ್ ನೇತೃತ್ವದಲ್ಲಿ ಅಮೆರಿಕ ಇದಕ್ಕೇ ಅಂತ ಒಂದು ಪ್ರೋಗ್ರಾಮ್ ನಡೆಸ್ತು, ಯೂರೋಪಿನ ದೇಶಗಳು, ಜಪಾನ್, ಕೆನಡಾ ಎಲ್ಲ ಸೇರ್ಕೊಂಡು ಒಂದು ಅಂತರರಾಷ್ಟ್ರೀಯ ತಂಡನೂ ಆಯ್ತು.

ಅವರು ಕಣ್ಣು ಹಾಕಿದ್ದು ಎಲ್ಲಾ ಕಡೆ ಸಿಗೋ ಕೆಸರಿನ ಮೇಲಲ್ಲ. ಪೆಸಿಫಿಕ್ ಸಾಗರದ ಮಧ್ಯೆ, ಯಾವ ದಡಕ್ಕೂ ಹತ್ತಿರ ಇಲ್ಲದ, ಭೂಫಲಕದ ಅಂಚುಗಳಿಂದಲೂ ದೂರ ಇರೋ ಕಡೆ, ಐದಾರು ಕಿಲೋಮೀಟರ್ ನೀರಿನ ಕೆಳಗೆ ಕೆಂಪು ಜೇಡಿ ಹಾಸ್ಕೊಂಡಿದೆ. ಗಾಳಿಲಿ ಹಾರಿಬಂದ ಧೂಳು, ಜ್ವಾಲಾಮುಖಿ ಬೂದಿ, ಇಂಥದ್ದೇ ನಿಧಾನಕ್ಕೆ ಇಳಿದು ಆಗಿರೋದು. ಎಷ್ಟು ನಿಧಾನ ಅಂದ್ರೆ ಸಾವಿರ ವರ್ಷಕ್ಕೆ ಒಂದು ಮಿಲಿಮೀಟರ್ ಆಸುಪಾಸು, ಕೆಲವು ಕಡೆ ಅದಕ್ಕಿಂತ ಕಮ್ಮಿ. ಉತ್ತರ ಪೆಸಿಫಿಕ್ಕಿನ ನಟ್ಟನಡುವೆ ತೆಗೆದ ಒಂದು ಕೋರ್ (ತಳದ ಮಣ್ಣನ್ನ ಪದರ ಕೆಡದಂತೆ ಕೊಳವೆಯಲ್ಲಿ ತೆಗೆದ ಉದ್ದನೆ ಮಾದರಿ) ಇದೆ, ಜಿಪಿಸಿ-3 ಅಂತ ಕರೀತಾರೆ, ಉದ್ದ ಬರೀ 24 ಮೀಟರ್, ಆದ್ರೆ ಅದರಲ್ಲಿ ಆರೂವರೆ ಕೋಟಿ ವರ್ಷಕ್ಕಿಂತ ಹೆಚ್ಚಿನ ದಾಖಲೆ ಇದೆ, ಡೈನೋಸಾರ್ ಕಾಲ ಮುಗಿದಾಗ ಉದುರಿದ ಇರಿಡಿಯಮ್ ಪದರ ಕೂಡ ಸಿಕ್ಕಿದೆ. ಒಂದು ಏಳೆಂಟು ಅಂತಸ್ತಿನ ಕಟ್ಟಡದಷ್ಟು ದಪ್ಪದ ಮಣ್ಣಲ್ಲಿ ಅಷ್ಟೂ ಕಾಲ ಇದೆ ಅಂದ್ರೆ ಅಲ್ಲಿ ಹಿಮಯುಗಗಳು ಬಂದು ಹೋದ್ರೂ ತಳ ಅಷ್ಟೇನೂ ಅಲುಗಾಡಿಲ್ಲ ಅಂತ ಅರ್ಥ. ಹಾಲಿಸ್ಟರ್ ಕಡೆಯವರ ವಾದದ ಬುಡ ಇದೇ: ಆರು ಕೋಟಿ ವರ್ಷ ಏನೂ ಆಗದ ಜಾಗದಲ್ಲಿ ಇನ್ನೊಂದು ಹತ್ತು ಲಕ್ಷ ವರ್ಷ ಏನೂ ಆಗಲ್ಲ ಅಂತ ನಂಬೋದು, ನೆಲದ ಮೇಲಿನ ಯಾವ ಬೆಟ್ಟನ ನಂಬೋದಕ್ಕಿಂತಲೂ ಸುಲಭ.

ಇನ್ನು ತಡೆಯೋ ವಿಷ್ಯ. ಈ ಜೇಡಿಯಲ್ಲಿ ಮುಕ್ಕಾಲು ಭಾಗ ನೀರೇ ಇರತ್ತೆ, ಆದ್ರೆ ಆ ನೀರು ಹರಿಯಲ್ಲ, ಕಣಗಳ ಮಧ್ಯದ ಸಂದಿ ಅಷ್ಟು ಸಣ್ಣದು. ನೆಲದ ಮೇಲಿನ ಬಂಡೆಗಳಲ್ಲಿ ಬಿರುಕಿನ ಮೂಲಕ ಅಂತರ್ಜಲ ಓಡಾಡತ್ತಲ್ಲ, ಆ ತೊಂದ್ರೆ ಇಲ್ಲಿಲ್ಲ. ಬಿರುಕು ಬಿಟ್ರೂ ಮಣ್ಣು ಮೆತ್ತಗಿರೋದ್ರಿಂದ ತಾನೇ ಮುಚ್ಕೊಳ್ಳತ್ತೆ. ನೀವು ದೌರ್ಬಲ್ಯ ಅಂದ್ಕೊಂಡ ಮೆತ್ತಗಿನ ಗುಣನೇ ಇಲ್ಲಿ ಪ್ಲಸ್ ಪಾಯಿಂಟು. ಹಂಗಾಗಿ ಕಸದಿಂದ ಬಿಡಿಸ್ಕೊಂಡ ಅಣುಗೆ ಮೇಲಕ್ಕೆ ಬರೋಕೆ ಇರೋ ದಾರಿ ಒಂದೇ, ಡಿಫ್ಯೂಶನ್, ಅಂದ್ರೆ ದಿಕ್ಕಿಲ್ಲದೆ ಅತ್ತಿತ್ತ ತಳ್ಳಾಡ್ಕೊಂಡು ಹರಡೋದು. ಇದರ ಲೆಕ್ಕ ವಿಚಿತ್ರ, ದೂರ ಹೆಚ್ಚಿದ್ರೆ ಟೈಮು ಅದರ ವರ್ಗದಷ್ಟು ಹೆಚ್ಚತ್ತೆ. ಯಾವುದಕ್ಕೂ ಅಂಟ್ಕೊಳ್ಳದ ಒಂದು ಅಯಾನು (ವಿದ್ಯುದಂಶ ಇರೋ ಅಣು) ಒಂದು ಮೀಟರ್ ದಾಟೋಕೆ ಸುಮಾರು ನೂರು ವರ್ಷ ತಗೊಂಡ್ರೆ, ಮೂವತ್ತು ಮೀಟರಿಗೆ ಮೂರು ಸಾವಿರ ವರ್ಷ ಅಲ್ಲ, ನೂರರ ಒಂಬೈನೂರು ಪಟ್ಟು, ಹತ್ತಿರ ಹತ್ತಿರ ಒಂದು ಲಕ್ಷ ವರ್ಷ.

ಇದು ಅಂಟ್ಕೊಳ್ಳದವುಗಳ ಕತೆ. ಬಹುಪಾಲು ಅಪಾಯಕಾರಿ ಧಾತುಗಳು ಅಂಟ್ಕೊಳ್ತವೆ. ಜೇಡಿ ಕಣದ ಮೇಲೆ ಋಣ ವಿದ್ಯುದಂಶ ಇರತ್ತೆ, ಜೊತೆಗೆ ಕಬ್ಬಿಣ, ಮ್ಯಾಂಗನೀಸ್ ಆಕ್ಸೈಡಿನ ಲೇಪ, ಎರಡೂ ಸೇರಿ ಧಾತುಗಳನ್ನ ಸೆಳೀತವೆ. ಪ್ಲುಟೋನಿಯಮ್ ತಗೊಳ್ಳಿ, ಸುತ್ತಲಿನ ಒಂದು ಲೀಟರ್ ನೀರಲ್ಲಿ ಒಂದು ಪಾಲು ಇದ್ರೆ ಒಂದು ಕೆಜಿ ಕೆಸರಲ್ಲಿ ಸುಮಾರು ಒಂದು ಲಕ್ಷ ಪಾಲು ಅಂಟಿಕೂತಿರತ್ತೆ. ಅಮೆರಿಸಿಯಮ್ ಆದ್ರೆ ಇಪ್ಪತ್ತು ಲಕ್ಷ. ಪ್ರತಿ ಹೆಜ್ಜೆಗೂ ಗುರುತಿನವರು ಸಿಕ್ಕಿ ನಿಲ್ಲಿಸ್ಕೊಂಡು ಮಾತಾಡ್ಸೋ ಬೀದೀಲಿ ನಡೆಯೋನ ಪಾಡು ಅದರದ್ದು. ಕೈಯಲ್ಲೇ ಲೆಕ್ಕ ಹಾಕಿ ನೋಡಿದ್ರೆ, ಪ್ಲುಟೋನಿಯಮ್-239 ತನ್ನ ಅರ್ಧಾಯುಷ್ಯದ (ಅರ್ಧ ಪಾಲು ಕ್ಷಯಿಸೋಕೆ ಬೇಕಾದ ಕಾಲ) 24,100 ವರ್ಷದಲ್ಲಿ ಈ ಜೇಡಿಯೊಳಗೆ ಸರಿಯೋದು ನಾಲ್ಕೈದು ಸೆಂಟಿಮೀಟರ್. ಹತ್ತು ಅರ್ಧಾಯುಷ್ಯ ಕಳೆದು ಸಾವಿರದಲ್ಲಿ ಒಂದು ಪಾಲು ಉಳಿಯೋ ಹೊತ್ತಿಗೂ ಒಂದು ಗೇಣು ಮುಟ್ಟಲ್ಲ. ಮೂವತ್ತು ಮೀಟರ್ ಆಳದಲ್ಲಿ ಹೂತಿದ್ರೆ ಅದು ಮೇಲೆ ಬರೋ ಮಾತೇ ಇಲ್ಲ.

ಪ್ರಶ್ನೆ: ಹಾಗಾದ್ರೆ ಹಿಂದೆ ದೇಶಗಳು ಡ್ರಮ್ಮುಗಟ್ಲೆ ಸಮುದ್ರಕ್ಕೆ ಎಸೆದ್ವಲ್ಲ, ಅದೂ ಕೆಸರಲ್ಲೇ ತಾನೇ ಬಿದ್ದಿರೋದು? ಅದಕ್ಕೆ ಯಾಕೆ ಬೈತಾರೆ?

ಕೆಸರಿನ ಮೇಲೆ ಬಿದ್ದಿರೋದು, ಕೆಸರಿನ ಒಳಗಲ್ಲ. ಇಡೀ ವಿಷ್ಯ ನಿಂತಿರೋದೇ ಈ ವ್ಯತ್ಯಾಸದ ಮೇಲೆ.

1946ರಲ್ಲಿ ಅಮೆರಿಕ ಕ್ಯಾಲಿಫೋರ್ನಿಯಾ ದಡದಾಚೆ ಶುರು ಮಾಡ್ತು, ಆಮೇಲೆ 1993ರವರೆಗೆ ಒಂದು ಡಜನ್‌ಗೂ ಹೆಚ್ಚು ದೇಶಗಳು 80ಕ್ಕೂ ಹೆಚ್ಚು ಜಾಗಗಳಲ್ಲಿ ಸುರಿದ್ವು. ಸ್ಯಾನ್ ಫ್ರಾನ್ಸಿಸ್ಕೋ ಎದುರಿನ ಫ್ಯಾರಲಾನ್ ದ್ವೀಪಗಳ ಹತ್ತಿರಾನೇ 1970ರ ತನಕ 47 ಸಾವಿರಕ್ಕೂ ಹೆಚ್ಚು ಡ್ರಮ್ ಹೋಗಿದಾವೆ, ಅವು ಸುಮಾರು 1,400 ಚದರ ಕಿಲೋಮೀಟರ್ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ಈಶಾನ್ಯ ಅಟ್ಲಾಂಟಿಕ್ಕಿನಲ್ಲಿ ನಾಲ್ಕು ಕಿಲೋಮೀಟರ್‌ಗಿಂತ ಆಳದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಡ್ರಮ್ ಇದಾವೆ, 2025ರ ಬೇಸಿಗೆಯಲ್ಲಿ ಫ್ರೆಂಚ್ ವಿಜ್ಞಾನಿಗಳ ತಂಡ ಯುಲಿಕ್ಸ್ ಅನ್ನೋ ರೋಬಾಟ್ ಇಳಿಸಿ ಸೋನಾರ್‌ನಲ್ಲಿ ಹುಡುಕಿದಾಗ ಅದರಲ್ಲಿ ಮೂರು ಸಾವಿರ ಚಿಲ್ಲರೆ ಡ್ರಮ್ ಪತ್ತೆ ಆದ್ವು. ಆಗಿನವರ ಲೆಕ್ಕಾಚಾರದಲ್ಲಿ ಕೆಸರಿಗೆ ಕೆಲಸಾನೇ ಇರ್ಲಿಲ್ಲ, ಡ್ರಮ್ ತುಕ್ಕು ಹಿಡಿದು ಒಡೆಯತ್ತೆ, ಸಮುದ್ರ ದೊಡ್ಡದು, ಕಲಸಿ ತೆಳುವಾಗಿಹೋಗತ್ತೆ ಅಂತ. ಹೂಳೋ ಯೋಜನೆಯವರದ್ದು ತದ್ವಿರುದ್ಧ, ನೀರಿಗೆ ಬರದ ಹಾಗೆ ಹಿಡಿದಿಡ್ಬೇಕು ಅಂತ. ಎರಡನ್ನೂ ಒಟ್ಟಿಗೆ "ಸಮುದ್ರಕ್ಕೆ ಎಸೆಯೋದು" ಅಂತ ಕರೆದ್ರೆ ಹಾಲಿಸ್ಟರ್ ಥರದವರಿಗೆ ಉರೀತಿತ್ತು, ಅವರ ಸಿಟ್ಟು ನ್ಯಾಯವೇ ಅಂತ ನನಗೂ ಅನ್ಸತ್ತೆ.

ಹಾಗಂತ ಮೇಲೆ ಬಿದ್ದಿದ್ದಕ್ಕೆ ಕೆಸರಿಂದ ಏನೂ ಉಪಯೋಗ ಇಲ್ಲ ಅಂತಲ್ಲ. ಡ್ರಮ್ಮಿಂದ ಸೋರಿದ ಪ್ಲುಟೋನಿಯಮ್ ಪಕ್ಕದ ಮಣ್ಣಿಗೇ ಒಂದಿಷ್ಟು ಅಂಟ್ಕೊಳ್ಳತ್ತೆ. 1968ರ ಜನವರಿಯಲ್ಲಿ ಗ್ರೀನ್‌ಲ್ಯಾಂಡಿನ ಥೂಲೆ ಹತ್ತಿರ ನಾಲ್ಕು ಹೈಡ್ರೋಜನ್ ಬಾಂಬ್ ಹೊತ್ತಿದ್ದ ಬಿ-52 ವಿಮಾನ ಸಮುದ್ರದ ಮಂಜುಗಡ್ಡೆ ಮೇಲೆ ಬಿದ್ದಾಗ ಚದುರಿದ ಪ್ಲುಟೋನಿಯಮ್ಮಲ್ಲಿ ಒಂದಷ್ಟು ತಳಕ್ಕೆ ಇಳೀತು, ದಶಕಗಳಾದ್ಮೇಲೂ ಅದು ಅದೇ ಕೊಲ್ಲಿಯ ಕೆಸರಲ್ಲೇ ಇದೆ, ದೂರ ಹೋಗಿಲ್ಲ. ಆದ್ರೆ ಕೆಸರಿನ ಮೇಲಿನ ಹತ್ತು ಸೆಂಟಿಮೀಟರ್ ಇದ್ಯಲ್ಲ, ಅದು ಹುಳುಗಳ, ಚಿಪ್ಪುಜೀವಿಗಳ ಮನೆ, ಅವು ದಿನಾ ಉತ್ತು ಮಗುಚಿ ತಿಂದು ಕಕ್ತಾ ಇರ್ತವೆ. ಅಲ್ಲಿ ಅಂಟ್ಕೊಂಡಿದ್ದು ಆಹಾರ ಸರಪಳಿಯ ಬಾಯಲ್ಲೇ ಕೂತಂಗೆ.

ಪ್ರಶ್ನೆ: ಎಲ್ಲಾ ಧಾತುಗಳೂ ಜೇಡಿಗೆ ಅಂಟ್ಕೊಳ್ತವಾ? ಅಂಟದೇ ಇರೋದು ಯಾವುದು?

ಇಲ್ಲ, ಎಲ್ಲಾ ಅಂಟಲ್ಲ, ಯೋಜನೆಯ ಪರ ಇದ್ದವರು ಜೋರಾಗಿ ಹೇಳದ ಪಾರ್ಟ್ ಇದು. ಸ್ಟ್ರಾನ್ಶಿಯಮ್-90 ಅಷ್ಟಾಗಿ ಅಂಟಲ್ಲ, ಕ್ಯಾಲ್ಸಿಯಮ್ ಥರಾನೇ ವರ್ತಿಸತ್ತೆ, ಸಮುದ್ರದಲ್ಲಿ ಕ್ಯಾಲ್ಸಿಯಮ್ಮಿಗೆ ಬರಗಾಲ ಇಲ್ವಲ್ಲ, ಜಾಗಕ್ಕೆ ಪೈಪೋಟಿ ಜಾಸ್ತಿ. ಆದ್ರೆ ಅದರ ಅರ್ಧಾಯುಷ್ಯ 29 ವರ್ಷ ಅಷ್ಟೆ, ಮುನ್ನೂರು ವರ್ಷದಲ್ಲಿ ಸಾವಿರದಲ್ಲೊಂದು ಪಾಲಿಗೆ ಇಳಿಯತ್ತೆ, ಅಷ್ಟರಲ್ಲಿ ಒಂದು ಮೀಟರ್ ಆಸುಪಾಸು ಸರಿದಿರತ್ತೆ, ಹೋಗ್ಲಿ ಬಿಡಿ. ನಿಜವಾದ ತಲೆನೋವು ಅಯೋಡಿನ್-129. ಋಣ ಅಯಾನು, ಋಣ ವಿದ್ಯುದಂಶದ ಜೇಡಿ ಅದನ್ನ ಹತ್ರಾನೇ ಸೇರಿಸಲ್ಲ, ಅರ್ಧಾಯುಷ್ಯ ನೋಡಿದ್ರೆ 1.57 ಕೋಟಿ ವರ್ಷ. ಲಕ್ಷ ವರ್ಷದ ಲೆಕ್ಕದಲ್ಲಿ ಇದು ಮೇಲೆ ಬಂದೇ ಬರತ್ತೆ. ಬರುವಾಗ ತುಂಬಾ ನಿಧಾನಕ್ಕೆ, ತುಂಬಾ ತೆಳುವಾಗಿ, ಐದು ಕಿಲೋಮೀಟರ್ ನೀರಿನ ಕೆಳಗೆ ಬರತ್ತೆ, ಅದು ನಿಜ, ಆದ್ರೆ "ಕೆಸರು ಎಲ್ಲಾನೂ ತಡೆಯತ್ತೆ" ಅನ್ನೋದು ಸುಳ್ಳು.

ಟೆಕ್ನೀಶಿಯಮ್-99 ಇನ್ನೂ ಮಜಾ. ಅರ್ಧಾಯುಷ್ಯ 2 ಲಕ್ಷ 11 ಸಾವಿರ ವರ್ಷ. ಆಮ್ಲಜನಕ ಇರೋ ಕಡೆ ಇದು ಪರ್‌ಟೆಕ್ನೆಟೇಟ್ ಅನ್ನೋ ಋಣ ಅಯಾನು ಆಗಿ ಆರಾಮಾಗಿ ಓಡಾಡತ್ತೆ, ಆಮ್ಲಜನಕ ಇಲ್ಲದ ಕೆಸರಲ್ಲಿ ರೂಪ ಬದಲಾಯ್ಸಿ ಕರಗದ ಆಕ್ಸೈಡ್ ಆಗಿ ಕೂತ್ಬಿಡತ್ತೆ. ಈಗ ಪೆಸಿಫಿಕ್ಕಿನ ಕೆಂಪು ಜೇಡಿ ಕೆಂಪಗಿರೋದೇ ಅದರೊಳಗೆ ಕೊಳೆಯೋ ಜೈವಿಕ ವಸ್ತು ಹೆಚ್ಚಿಲ್ಲದೆ ಆಮ್ಲಜನಕ ಉಳ್ಕೊಂಡಿರೋದ್ರಿಂದ. ಅಂದ್ರೆ ಜಗತ್ತಿನ ಅತಿ ನೆಮ್ಮದಿಯ ಆ ಕೆಸರು ಟೆಕ್ನೀಶಿಯಮ್ ವಿಷ್ಯದಲ್ಲಿ ಕೈಕೊಡತ್ತೆ, ಅದಕ್ಕಿಂತ ಗಲಾಟೆಯ ಅಟ್ಲಾಂಟಿಕ್ ಬಯಲುಗಳ ಕೆಸರು, ಖಂಡಗಳ ಅಂಚಿನ ಇಳಿಜಾರಿಂದ ಆಗಾಗ ಕುಸಿದು ಬಂದು ಜೈವಿಕ ವಸ್ತು ಹೂತ್ಕೊಂಡಿರೋದು, ಚೆನ್ನಾಗಿ ಹಿಡಿಯತ್ತೆ. ಒಂದಕ್ಕೆ ಒಳ್ಳೇದಾದ ಮಣ್ಣು ಇನ್ನೊಂದಕ್ಕೆ ಒಳ್ಳೇದಾಗೇ ಇರ್ಬೇಕು ಅಂತೇನಿಲ್ಲ.

ಪ್ರಶ್ನೆ: ಐದು ಕಿಮೀ ನೀರಿನ ಕೆಳಗೆ ಮಣ್ಣು ಅಗೆದು ಹೂಳೋದು ಹೆಂಗೆ? ಆಮೇಲೆ ಕಸ ಬಿಸಿ ಇರತ್ತಲ್ಲ, ನೀರು ಕುದಿಯಲ್ವಾ?

ಅಗೆಯೋ ಹಂಗಿಲ್ಲ, ಬೀಳ್ಸೋದು. ಟಾರ್ಪಿಡೋ ಆಕಾರದ ಭಾರದ ಪೆನೆಟ್ರೇಟರ್ ಅಂತ ಮಾಡಿ ಹಡಗಿಂದ ಬಿಟ್ರೆ ಅದು ಸೆಕೆಂಡಿಗೆ ಸುಮಾರು ಐವತ್ತು ಮೀಟರ್ ವೇಗದಲ್ಲಿ ತಳಕ್ಕೆ ಹೊಡೆದು ತಾನೇ ಹೂತ್ಕೊಳ್ಳತ್ತೆ. 1980ರ ದಶಕದಲ್ಲಿ ಮಡೇರಾ ದ್ವೀಪದ ಪಶ್ಚಿಮಕ್ಕೆ ಗ್ರೇಟ್ ಮೀಟಿಯರ್ ಈಸ್ಟ್ ಅನ್ನೋ ಜಾಗದಲ್ಲಿ ಖಾಲಿ ಪೆನೆಟ್ರೇಟರ್ ಬಿಟ್ಟು ನೋಡಿದ್ರು, ಮೂವತ್ತು ಮೀಟರ್ ಆಸುಪಾಸು ಒಳಗೆ ಹೋದ್ವು. ಹೋದ ದಾರಿಯ ತೂತು ಪೂರ್ತಿ ಮುಚ್ಕೊಳ್ಳತ್ತಾ, ಮುಚ್ಕೊಂಡ ಮಣ್ಣು ಮೊದಲಿನಷ್ಟೇ ಬಿಗಿ ಇರತ್ತಾ ಅನ್ನೋದೇ ದೊಡ್ಡ ಚರ್ಚೆ ಆಗಿತ್ತು, ಯಾಕಂದ್ರೆ ತೂತು ತೆರೆದೇ ಇದ್ರೆ ಮೇಲೆ ಹೇಳಿದ ಲಕ್ಷ ವರ್ಷದ ಲೆಕ್ಕ ಎಲ್ಲಾ ನೀರುಪಾಲು. ಡ್ರಿಲ್ ಹಡಗಿಂದ ಕೊರೆದು ನೂರಾರು ಮೀಟರ್ ಕೆಳಗೆ ಒಂದರ ಮೇಲೊಂದು ಜೋಡ್ಸೋ ಇನ್ನೊಂದು ವಿಧಾನನೂ ಇತ್ತು, ಖರ್ಚು ಜಾಸ್ತಿ.

ಕುದಿಯಲ್ಲ. ಅಷ್ಟು ಆಳದಲ್ಲಿ ವಾಯುಭಾರದ ಐನೂರು ಪಟ್ಟು ಒತ್ತಡ ಇರತ್ತೆ, 250 ಡಿಗ್ರಿ ಆದ್ರೂ ನೀರು ದ್ರವವಾಗೇ ಇರತ್ತೆ. ಆದ್ರೆ ಬಿಸಿಯಾದ ಕೆಸರುನೀರು ಡಬ್ಬಿಯ ಲೋಹನ ಬೇಗ ತಿನ್ನತ್ತೆ, ಅದಕ್ಕೇ ಬಿಸಿ ಇರೋ ಮೊದಲ ಕೆಲವು ನೂರು ವರ್ಷ ಡಬ್ಬಿ ತಾಳ್ಕೊಬೇಕು, ಆಮೇಲಿನ ಡ್ಯೂಟಿ ಜೇಡಿಯದ್ದು ಅಂತ ಪ್ಲಾನ್ ಇತ್ತು.

ಪ್ರಶ್ನೆ: ಕೆಸರು ಒಮ್ಮೆ ಹಿಡ್ಕೊಂಡ್ರೆ ಮುಗೀತಾ? ವಾಪಸ್ ಬಿಡಲ್ವಾ?

ಬಿಡತ್ತೆ. ಇದಕ್ಕೆ ಐರಿಶ್ ಸಮುದ್ರಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ಇಂಗ್ಲೆಂಡಿನ ಸೆಲಾಫೀಲ್ಡ್ ಅನ್ನೋ ಅಣು ಇಂಧನ ಸಂಸ್ಕರಣಾ ಘಟಕದಿಂದ 1952ರಿಂದ ಪೈಪಿನ ಮೂಲಕ ವಿಕಿರಣಶೀಲ ನೀರನ್ನ ಸಮುದ್ರಕ್ಕೆ ಬಿಡ್ತಾ ಬಂದ್ರು, 1970ರ ದಶಕದ ಮಧ್ಯದಲ್ಲಿ ಅದು ತುತ್ತತುದಿಗೆ ಹೋಯ್ತು. ಸೀಸಿಯಮ್-137 ಬಹುಪಾಲು ನೀರಿನ ಜೊತೆ ಉತ್ತರಕ್ಕೆ ಹೊರಟು ನಾರ್ವೆ ದಡ ಹಿಡ್ಕೊಂಡು ಆರ್ಕ್ಟಿಕ್ ತನಕ ಹೋಯ್ತು. ಪ್ಲುಟೋನಿಯಮ್, ಅಮೆರಿಸಿಯಮ್ ಮಾತ್ರ ಹೆಚ್ಚು ದೂರ ಹೋಗ್ಲಿಲ್ಲ, ಘಟಕ ಇರೋ ಕಂಬ್ರಿಯಾ ದಡದಾಚೆ ಒಂದು ಮಣ್ಣಿನ ಪಟ್ಟಿ ಇದೆ, ಅಲ್ಲೇ ಕೂತ್ವು. ಎಂಬತ್ತರ ದಶಕದಲ್ಲಿ ಹೊಸ ಶುದ್ಧೀಕರಣ ಘಟಕ ಬಂದು ಪೈಪಿಂದ ಬರೋದು ಭಾರೀ ಇಳೀತು. ಆಗ ನೋಡಿ, ನೀರಲ್ಲಿ ಸೀಸಿಯಮ್ ಅದೇ ಪ್ರಮಾಣದಲ್ಲಿ ಇಳಿಯಬೇಕಿತ್ತಲ್ಲ, ಇಳೀಲಿಲ್ಲ, ನಿಧಾನ ಆಯ್ತು. ಯಾಕಂದ್ರೆ ನೀರು ಕ್ಲೀನ್ ಆದ ತಕ್ಷಣ ಕೆಸರಲ್ಲಿ ಅಂಟಿದ್ದದ್ದು ವಾಪಸ್ ಬಿಡೋಕೆ ಶುರುವಾಯ್ತು. ಅಂಟೋದು ಅನ್ನೋದು ಎರಡೂ ಕಡೆ ತೆರೆಯೋ ಬಾಗಿಲು, ನೀರಲ್ಲಿ ಹೆಚ್ಚಿದ್ರೆ ಒಳಕ್ಕೆ, ಕಮ್ಮಿಯಾದ್ರೆ ಹೊರಕ್ಕೆ. ಈಗ ಅಲ್ಲಿನ ನೀರಲ್ಲಿ ಸಿಗೋ ಸೀಸಿಯಮ್, ಪ್ಲುಟೋನಿಯಮ್ಮಿನ ಮುಖ್ಯ ಮೂಲ ಪೈಪಲ್ಲ, ತಳದ ಕೆಸರು.

ಅದರ ಜೊತೆಗೆ ಜೀವಿಗಳ ಕಾಟ. ಅಲ್ಲಿನ ನೆಫ್ರಾಪ್ಸ್ ಅನ್ನೋ ಸಣ್ಣ ಲಾಬ್‌ಸ್ಟರ್ ಬಿಲ ತೋಡತ್ತೆ, ಅದಕ್ಕಿಂತ ಆಳಕ್ಕೆ ಹೋಗೋ ಚಮಚ ಹುಳುಗಳಿದಾವೆ, ಅವು ಮೇಲಿನ ಮಣ್ಣನ್ನ ಅರ್ಧ ಮೀಟರ್ ಕೆಳಗಿನ ಬಿಲಕ್ಕೆ ಎಳ್ಕೊಂಡು ಹೋಗ್ತವೆ, ಕೆಳಗಿನದನ್ನ ಮೇಲಕ್ಕೆ ಚೆಲ್ತವೆ. ಟ್ರಾಲ್ ಬಲೆಗಳು ಬೇರೆ ತಳ ಕೆರೀತವೆ. ಹಳೇ ಪದರದ ಮೇಲೆ ಹೊಸ ಪದರ ಬಂದು ನೀಟಾಗಿ ಮುಚ್ಕೊಳ್ಳತ್ತೆ ಅನ್ನೋ ಚಿತ್ರ ಆಳವಿಲ್ಲದ ಸಮುದ್ರಕ್ಕೆ ಹೊಂದಲ್ಲ. ಇನ್ನೊಂದು, ಪೈಪ್ ಬಂದ್ ಮಾಡಿದ್ರೂ ಕೆಸರಲ್ಲಿ ಅಮೆರಿಸಿಯಮ್-241 ಹೆಚ್ಚಾಗ್ತಾ ಇತ್ತು, ಯಾರೂ ಹಾಕಿದ್ದಲ್ಲ, ಮೊದಲೇ ಕೂತಿದ್ದ ಪ್ಲುಟೋನಿಯಮ್-241 ಹದಿನಾಲ್ಕು ವರ್ಷದ ಅರ್ಧಾಯುಷ್ಯದಲ್ಲಿ ಕ್ಷಯಿಸಿ ಅದೇ ಅಮೆರಿಸಿಯಮ್ ಆಗತ್ತೆ.

ಪ್ರಶ್ನೆ: ಫುಕುಶಿಮಾದಲ್ಲಿ ಕೆಸರು ಏನು ಮಾಡ್ತು?

2011ರ ಅಣುಸ್ಥಾವರ ದುರಂತದಲ್ಲಿ ಸಮುದ್ರಕ್ಕೆ ಬಿದ್ದ ಸೀಸಿಯಮ್ಮಲ್ಲಿ ಬಹುಪಾಲು ನೀರಲ್ಲೇ ಕರಗಿ ಪೆಸಿಫಿಕ್ಕಿಗೆ ಹೋಯ್ತು, ಸಣ್ಣದೊಂದು ಭಾಗ ಮಾತ್ರ ದಡದ ಕೆಸರಿಗೆ ಅಂಟ್ತು. ಆ ಸಣ್ಣ ಭಾಗಾನೇ ಸಾಕಾಯ್ತು, ಮೇಲ್ಮಟ್ಟದಲ್ಲಿ ಈಜೋ ಮೀನುಗಳು ಬೇಗ ಕ್ಲೀನ್ ಆದ್ರೂ ತಳದಲ್ಲಿರೋ ಮೀನುಗಳಲ್ಲಿ ಅದು ಇಳಿಯೋಕೆ ವರ್ಷಗಳೇ ಹಿಡೀತು. ಇನ್ನೊಂದು ಅಚ್ಚರಿ 2017ರಲ್ಲಿ ಹೊರಗೆ ಬಂತು: ಘಟಕದಿಂದ ನೂರು ಕಿಲೋಮೀಟರ್ ವ್ಯಾಪ್ತಿಯ ಬೀಚುಗಳ ಮರಳಿನ ಕೆಳಗಿನ ಅಂತರ್ಜಲದಲ್ಲಿ ಸೀಸಿಯಮ್ ಸಿಕ್ತು, ಪಕ್ಕದ ಸಮುದ್ರದ ನೀರಲ್ಲಿ ಇದ್ದಿದ್ದಕ್ಕಿಂತ ಹೆಚ್ಚು. ಸಿಹಿನೀರಲ್ಲಿ ಮರಳಿನ ಕಣಕ್ಕೆ ಗಟ್ಟಿಯಾಗಿ ಅಂಟಿರೋ ಸೀಸಿಯಮ್ ಉಪ್ಪುನೀರು ತಾಗಿದ್ರೆ ಬಿಡಿಸ್ಕೊಳ್ಳತ್ತೆ, ಉಬ್ಬರ ಇಳಿತದಲ್ಲಿ ಸ್ವಲ್ಪ ಸ್ವಲ್ಪ ಹೊರಗೆ ಬರ್ತಾ ಇತ್ತು. ಆ ನೀರನ್ನ ಯಾರೂ ಕುಡಿಯಲ್ಲ, ಅಪಾಯ ಅಂತಲ್ಲ, ಆದ್ರೆ ಅಲ್ಲಿ ಹುಡುಕಬೇಕು ಅಂತ ಯಾರಿಗೂ ಮೊದಲು ಹೊಳೆದಿರ್ಲಿಲ್ಲ.

ಪ್ರಶ್ನೆ: ಲೆಕ್ಕ ಅಷ್ಟು ಚೆನ್ನಾಗಿದ್ರೆ ಆಳದ ಕೆಸರಲ್ಲಿ ಹೂಳೋ ಯೋಜನೆ ಯಾಕೆ ನಿಲ್ತು? ರಾಜಕೀಯಾನಾ?

ಹೆಚ್ಚುಕಮ್ಮಿ ಹೌದು. 1986ರ ಹೊತ್ತಿಗೆ ಅಮೆರಿಕ ಹಣ ನಿಲ್ಲಿಸ್ತು, 1987ರಲ್ಲಿ ಅಲ್ಲಿನ ಸಂಸತ್ತು ಕಸ ಹೂಳೋಕೆ ನೆವಾಡಾದ ಯಕ್ಕಾ ಮೌಂಟನ್ ಅನ್ನೋ ಬೆಟ್ಟ ಒಂದನ್ನೇ ನೋಡಿ ಅಂತ ಕಾನೂನು ಮಾಡ್ತು, ಅದೇ ಕಾನೂನಲ್ಲಿ ಕಡಲ ತಳದ ಸಂಶೋಧನೆಗೆ ಅಂತ ಒಂದು ಆಫೀಸೂ ಹೆಸರಿಗೆ ಇತ್ತು, ಅದು ಕಾಗದದ ಮೇಲೇ ಉಳೀತು. ಯಕ್ಕಾ ಮೌಂಟನ್ನೂ ಇವತ್ತಿನವರೆಗೆ ತೆರೆದಿಲ್ಲ ಅನ್ನೋದು ಬೇರೆ ಮಾತು.

ಆಚೆ ಕಡೆ ಲಂಡನ್ ಒಪ್ಪಂದ. 1972ರದ್ದು, ತೀವ್ರ ವಿಕಿರಣದ ಕಸ ಸಮುದ್ರಕ್ಕೆ ಹಾಕೋದನ್ನ ಆಗಲೇ ನಿಷೇಧಿಸಿತ್ತು, ಕಮ್ಮಿ ತೀವ್ರತೆಯದ್ದಕ್ಕೂ 1983ರಿಂದ ತಡೆ. 1993ರ ಅಕ್ಟೋಬರಲ್ಲಿ ರಷ್ಯಾ ಜಪಾನ್ ಸಮುದ್ರಕ್ಕೆ ದ್ರವ ತ್ಯಾಜ್ಯ ಸುರಿದು ದೊಡ್ಡ ಗಲಾಟೆ ಆಯ್ತು, ಮುಂದಿನ ತಿಂಗಳೇ ಪೂರ್ತಿ ನಿಷೇಧಕ್ಕೆ ಒಪ್ಪಿಗೆ ಬಿತ್ತು. "ಹೂಳೋದು ಎಸೆದಂಗಲ್ಲ" ಅನ್ನೋ ವಾದಕ್ಕೆ ಇದ್ದ ಸಂದಿಯನ್ನ 1996ರ ಪ್ರೋಟೋಕಾಲ್ ಮುಚ್ತು, ಹಡಗಿಂದ ಕಡಲ ತಳದ ಮಣ್ಣಿನೊಳಗೆ ಇಡೋದೂ ಎಸೆದಂತೆಯೇ ಅಂತ ಸ್ಪಷ್ಟವಾಗಿ ಬರೆದ್ರು. ವಿಜ್ಞಾನ ಸೋತು ನಿಂತಿದ್ದಲ್ಲ, ಆದ್ರೆ ಪೂರ್ತಿ ಗೆದ್ದೂ ಇರ್ಲಿಲ್ಲ, ತೂತು ಮುಚ್ಚೋ ಪ್ರಶ್ನೆ, ಬಿಸಿ ಕೆಸರು ನಿಜವಾದ ಜಾಗದಲ್ಲಿ ಹೆಂಗಿರತ್ತೆ ಅನ್ನೋ ಪ್ರಯೋಗ, ಎರಡೂ ಬಾಕಿ ಇತ್ತು. ನನ್ನನ್ನ ಕೇಳಿದ್ರೆ ಒಂದೇ ಒಂದು ಕಾರಣಕ್ಕೆ ಈ ನಿಷೇಧ ಸರಿ ಅನ್ಸತ್ತೆ, ತಪ್ಪಾದ್ರೆ ಐದು ಕಿಲೋಮೀಟರ್ ನೀರು, ಮೂವತ್ತು ಮೀಟರ್ ಮಣ್ಣಿನ ಕೆಳಗಿಂದ ಅದನ್ನ ವಾಪಸ್ ಎತ್ತೋದು ಯಾರ ಕೈಲೂ ಆಗಲ್ಲ.

ಪ್ರಶ್ನೆ: ಸ್ವೀಡನ್ ಸಮುದ್ರದ ಕೆಳಗೇ ಅಣುಕಸ ಇಟ್ಟಿದೆ ಅಂತಾರಲ್ಲ, ಅದು ಹೆಂಗೆ ಕಾನೂನುಬದ್ಧ?

ಫೋರ್ಸ್‌ಮಾರ್ಕ್‌ನಲ್ಲಿ, 1988ರಿಂದ ಇದೆ. ಬಾಲ್ಟಿಕ್ ತಳದಿಂದ ಐವತ್ತು ಮೀಟರಿಗಿಂತ ಕೆಳಗೆ, ಕಮ್ಮಿ ಮತ್ತು ಮಧ್ಯಮ ತೀವ್ರತೆಯ ಕಸಕ್ಕೆ. ಅಲ್ಲಿಗೆ ಹೋಗೋದು ದಡದಿಂದ ಕೊರೆದ ಸುರಂಗದ ಮೂಲಕ, ಹಡಗಿಂದ ಅಲ್ಲ, ಹಂಗಾಗಿ ಲಂಡನ್ ಒಪ್ಪಂದದ ವ್ಯಾಪ್ತಿಗೆ ಬರಲ್ಲ. ಅಲ್ಲಿ ತಡೆಗೋಡೆ ಕೆಸರಲ್ಲ, ಬಂಡೆ ಮತ್ತು ಕಾಂಕ್ರೀಟು, ಒಂದು ದೊಡ್ಡ ಸೈಲೋ ಸುತ್ತ ಮಾತ್ರ ಬೆಂಟೊನೈಟ್ ಜೇಡಿ ತುಂಬಿದಾರೆ. ಮೇಲಿರೋ ಸಮುದ್ರದ ಉಪಯೋಗ ಏನಂದ್ರೆ ಅದು ಇರೋವರೆಗೆ ಬಂಡೆಯೊಳಗೆ ನೀರು ಹೆಚ್ಚು ಓಡಾಡಲ್ಲ, ಯಾರೂ ಅಲ್ಲಿ ಬೋರ್ ಕೊರೆಯಲ್ಲ. ಆದ್ರೆ ಹಿಮಯುಗದ ಭಾರ ಇಳಿದ ಮೇಲೆ ಆ ಕಡೆ ನೆಲ ಈಗ್ಲೂ ವರ್ಷಕ್ಕೆ ಸುಮಾರು ಆರು ಮಿಲಿಮೀಟರ್ ಮೇಲೇಳ್ತಾ ಇದೆ, ಮುಂದೊಂದು ದಿನ ಆ ಜಾಗ ಒಣನೆಲ ಆಗತ್ತೆ, ಅದಕ್ಕೇ ಅವರ ಸುರಕ್ಷತಾ ಲೆಕ್ಕದಲ್ಲಿ ಅಲ್ಲಿ ಬಾವಿ ತೋಡಿ ನೀರು ಕುಡಿಯೋ ಜನರನ್ನೂ ಸೇರಿಸ್ಕೊಂಡಿದಾರೆ.